ಸ್ವಂತ ಕೋರಿಕೆಯ ಮೇಲೆ

ಸರಕಾರಿ ಕಡತಗಳಲ್ಲಿ ಕಾಣಬರುವ ವರ್ಗಾವಣೆಯ ಆದೇಶಗಳು ಮುಖ್ಯವಾಗಿ ಎರಡು ಬಗೆಯವು. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬ ಮಾತು ಒಂದರಲ್ಲಿರುತ್ತದೆ. ‘ಸ್ವಂತ ಕೋರಿಕೆಯ ಮೇಲೆ’ ಎಂಬ ಮಾತು ಇನ್ನೊಂದರಲ್ಲಿರುತ್ತದೆ. ಮೊದಲನೆಯ ಬಗೆಯ ಆದೇಶ ಬಂದಾಗ ನೌಕರನಿಗೆ ಪ್ರಯಾಣಭತ್ಯೆ ಉಂಟು, ಹೊಸ ಊರಿಗೆ ಹೋಗಿ ಸೇರಿಕೊಳ್ಳಲು ಕಾಲಾವಕಾಶ ಉಂಟು, ಅವನ ಜ್ಯೇಷ್ಠತೆಗೆ ಬಾಧಕವಿಲ್ಲ. ಎರಡನೆಯದರಲ್ಲಿ ಸಾಮಾನ್ಯವಾಗಿ ಈ ಅನುಕೂಲಗಳಾವುವೂ ಇರುವುದಿಲ್ಲ. ಹೀಗಿದ್ದರೂ ವರ್ಷವರ್ಷವೂ ಅನೇಕರು ಎರಡನೆಯದನ್ನೇ ಬೇಡಿ ಅರ್ಜಿ ಬರೆಯುತ್ತಾರೆ. ಮಕ್ಕಳ ವಿದ್ಯಾಭ್ಯಾಸ, ಪತಿಪತ್ನಿಯರಿಬ್ಬರೂ ಬೇರೆ ಬೇರೆ ಊರುಗಳಲ್ಲಿರುವುದು, ಮನೆಮಾರು, ಹೊಲಗದ್ದೆ ಮುಂತಾಗಿ ಅವರು ಕೊಡುವ ಕಾರಣಗಳು ಹಲವು. ಅವುಗಳ ನಡುವೆ ಒಂದು ಕಾರಣವು ಮಾತ್ರ ಓದುವ ಅಧಿಕಾರಿಯ ಲೇಖನಿಯನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತದೆ. ಊರಿನಲ್ಲಿ ತಾಯಿಗೋ ತಂದೆಗೋ ಕಾಯಿಲೆ. ನೋಡಿಕೊಳ್ಳುವವರು ಇಲ್ಲ ಎಂಬುದೇ ಆ ಕಾರಣ.

ನೌಕರರನ್ನು ಊರಿಂದೂರಿಗೆ ಕಳುಹಿಸುವ ಪದ್ಧತಿ ನಿಷ್ಕರುಣೆಯಿಂದ ಹುಟ್ಟಿದುದಲ್ಲ. ಅಧಿಕಾರಸ್ಥಾನಗಳಲ್ಲಿ ಇರುವವರು ಒಂದೇ ಕಡೆ ಶಾಶ್ವತವಾಗಿ ನೆಲೆಯೂರಬಾರದೆಂಬ ವಿವೇಕ ಕೌಟಿಲ್ಯನ ಅರ್ಥಶಾಸ್ತ್ರದಷ್ಟು ಹಳೆಯದು. ಒಂದೇ ಊರಿನಲ್ಲಿ ಬಹುಕಾಲ ಇದ್ದವನಿಗೆ ಹಂಗುಗಳು ಬೆಳೆಯುತ್ತವೆ. ಹಂಗು ಬೆಳೆದಲ್ಲಿ ನ್ಯಾಯ ಸೊರಗುತ್ತದೆ. ಇದಲ್ಲದೆ ಇನ್ನೊಂದು ಸಂಗತಿಯೂ ಉಂಟು. ಎಲ್ಲರೂ ತಮ್ಮ ತಮ್ಮ ಊರುಗಳಲ್ಲಿಯೇ ಇರುವುದಾದರೆ ಘಟ್ಟದ ಮೇಲಿನ ಒಂಟಿ ಶಾಲೆಗೆ ಉಪಾಧ್ಯಾಯರು ಎಲ್ಲಿಂದ ಬರಬೇಕು? ಹೊಳೆಯಾಚೆಯ ಆಸ್ಪತ್ರೆಗೆ ದಾದಿ ಎಲ್ಲಿಂದ ಬರಬೇಕು? 1986ರಲ್ಲಿ ಕರ್ನಾಟಕದಿಂದ ಹೋಗಿದ್ದ ಒಂದು ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವರ್ಗಾವಣೆಯೆಂಬುದು ಸರಕಾರಿ ಸೇವೆಯ ಸಹಜವಾದ ಒಂದು ಅಂಗವೆಂದು ಒಪ್ಪಿತು. ಅದರ ಜೊತೆಯಲ್ಲಿಯೇ, ಕಾಲ ನಿಯಮಗಳಿಲ್ಲದ ಅಡಿಗಡಿಗಿನ ವರ್ಗಾವಣೆಯು ಒಂದು ಕುಟುಂಬವನ್ನು ಬೇರುಸಹಿತ ಕೀಳಬಲ್ಲುದೆಂದೂ ಎಚ್ಚರಿಸಿತು. ಮುಂದೆ 1989ರಲ್ಲಿ, ಮನವಿಯನ್ನು ಕೊಟ್ಟಿದ್ದೇನೆಂಬ ಕಾರಣದಿಂದ ಆದೇಶವನ್ನು ಪಾಲಿಸದಿರುವುದು ಸಲ್ಲದೆಂದು ಅದೇ ನ್ಯಾಯಾಲಯ ಹೇಳಿತು. ವರ್ಗಾವಣೆಗೆಂದು ಸರಕಾರ ಹೊರಡಿಸುವ ಮಾರ್ಗದರ್ಶಿ ಸೂತ್ರಗಳಿಂದ ನೌಕರನಿಗೆ ನ್ಯಾಯಾಲಯದಲ್ಲಿ ಸಾಧಿಸಬಹುದಾದ ಹಕ್ಕು ಹುಟ್ಟುವುದಿಲ್ಲವೆಂಬುದು 1993ರ ಇನ್ನೊಂದು ತೀರ್ಪು.

ಹೀಗೆ ಕಾನೂನು ನೋಡಿದರೆ ಕಾಯಿಲೆಯ ತಾಯಿಯ ಬಳಿಗೆ ಹೋಗುವುದು ನೌಕರನ ಹಕ್ಕಲ್ಲ, ಕೋರಿಕೆ ಮಾತ್ರ. ಆದರೆ ಕೋರಿಕೆಯನ್ನು ಕೇಳಿಸಿಕೊಳ್ಳುವ ಹೊಣೆ ಸರಕಾರಕ್ಕೆ ಇಲ್ಲವೆಂದೂ ಅಲ್ಲ. ಅಂಗವಿಕಲತೆಯುಳ್ಳ ಮಗುವಿನ ಪಾಲನೆ ಮಾಡುವ ಕೇಂದ್ರ ಸರಕಾರದ ನೌಕರರನ್ನು ವಾಡಿಕೆಯ ವರ್ಗಾವಣೆಯಿಂದ ಬಿಡಬಹುದೆಂದು 2014ರಲ್ಲಿ ಒಂದು ಸುತ್ತೋಲೆ ಬಂತು. ಆ ಮಾತನ್ನು 2018ರಲ್ಲಿ ತಂದೆತಾಯಿ, ಪತಿಪತ್ನಿ, ಒಡಹುಟ್ಟಿದವರಿಗೂ ವಿಸ್ತರಿಸಲಾಯಿತು. ಅದೂ ಆಡಳಿತದ ಇತಿಮಿತಿಗಳಿಗೆ ಒಳಪಟ್ಟೇ. ಅಂಗವಿಕಲತೆಯ ಪ್ರಮಾಣ ಶೇಕಡ 40ಕ್ಕೆ ಕಡಿಮೆಯಿರಬಾರದು. ಈ ಸುತ್ತೋಲೆಯು ತಾಯಿಯ ಬಳಿ ಇರುವವನನ್ನು ದೂರ ಕಳುಹಿಸದಂತೆ ಕಾಯುತ್ತದೆ. ಆಗಲೇ ದೂರದಲ್ಲಿರುವವನನ್ನು ತಾನಾಗಿ ಕರೆತರುವುದಿಲ್ಲ. 2022ರಲ್ಲಿ ಸುಂಕ ಮತ್ತು ಅಬಕಾರಿ ಇಲಾಖೆಯ ನೌಕರರ ವರ್ಗಾವಣೆಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ಅಂತರ ಆಯುಕ್ತಾಲಯ ವರ್ಗಾವಣೆಯನ್ನು ನಿಲ್ಲಿಸಿದ್ದ ಇಲಾಖೆಯ ನೀತಿಯನ್ನು ನ್ಯಾಯಾಲಯ ಎತ್ತಿಹಿಡಿದರೂ, ಕುಟುಂಬ ಜೀವನವು ವ್ಯಕ್ತಿಯ ಘನತೆಗೆ ಸೇರಿದ ಸಂಗತಿಯಾದುದರಿಂದ ದಂಪತಿಗಳು, ಅಂಗವಿಕಲರು ಹಾಗೂ ಅನುಕಂಪಕ್ಕೆ ಪಾತ್ರರಾದ ಇತರರ ವಿಷಯದಲ್ಲಿ ಆ ನೀತಿಯನ್ನು ಮತ್ತೆ ಆಲೋಚಿಸಬೇಕೆಂದು ತಿಳಿಸಿತು.

ಅಂಚೆ ಇಲಾಖೆಯಲ್ಲಿ ಈ ಬಗೆಯ ಕೋರಿಕೆಗೆ ಒಂದು ಹಳೆಯ ದಾರಿಯಿದೆ. ಇಲಾಖೆಯ ಕೈಪಿಡಿಯ ನಾಲ್ಕನೆಯ ಸಂಪುಟದ 38ನೆಯ ನಿಯಮ ಅದು. ಅಂಚೆ ನೌಕರರ ಬಾಯಲ್ಲಿ ಅದು ‘ರೂಲ್ ಮೂವತ್ತೆಂಟು’ ಎಂದೇ ಪ್ರಸಿದ್ಧ. ತಮ್ಮ ಅನುಕೂಲಕ್ಕಾಗಿ ನೌಕರರು ಕೇಳುವ ವರ್ಗಾವಣೆಯನ್ನು ನಿರುತ್ಸಾಹಗೊಳಿಸಬೇಕಾಗಿಲ್ಲ, ಆದರೆ ಅದರಿಂದ ಇತರರ ಹಕ್ಕುಗಳಿಗೆ ಹಾನಿಯಾಗಬಾರದು ಎಂಬುದು ಅದರ ಸಾರ. ಈ ಎರಡನೆಯ ಭಾಗದಲ್ಲಿಯೇ ನಿಯಮದ ಜೀವವಿದೆ. ಒಂದು ವಿಭಾಗವನ್ನು ಬಿಟ್ಟು ಇನ್ನೊಂದು ವಿಭಾಗಕ್ಕೆ ಹೋಗುವವನು ಅಲ್ಲಿ ಆಗಲೇ ಇರುವವರ ಸಾಲಿನ ನಡುವೆ ನುಸುಳುವಂತಿಲ್ಲ. ಎಲ್ಲರಿಗಿಂತ ಕೆಳಗೆ, ಕಟ್ಟಕಡೆಗೆ ನಿಲ್ಲಬೇಕು. ಹತ್ತು ವರ್ಷದ ಸೇವೆ ಸಲ್ಲಿಸಿದವನಿಗಿಂತ ಮೊನ್ನೆ ಮೊನ್ನೆ ಸೇರಿದ ಹುಡುಗ ಪಟ್ಟಿಯಲ್ಲಿ ಮೇಲಿರುತ್ತಾನೆ. ಆ ಸ್ಥಾನವನ್ನು ಒಪ್ಪಿದ್ದೇನೆಂದೂ ಹಳೆಯ ವಿಭಾಗಕ್ಕೆ ಮರಳುವ ಹಕ್ಕನ್ನು ಕೇಳುವುದಿಲ್ಲವೆಂದೂ ಅವನು ಬರೆದುಕೊಡಬೇಕು. ರೈಲ್ವೆಯಲ್ಲಿಯೂ ಸ್ವಂತ ಕೋರಿಕೆಯ ಮೇಲೆ ಬಂದವರಿಗೆ ಪಟ್ಟಿಯ ಕೊನೆಯ ಸ್ಥಾನವೇ ಗತಿ. ರಾಜ್ಯ ಸರಕಾರದ 1957ರ ಜ್ಯೇಷ್ಠತಾ ನಿಯಮಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ. ತಾಯಿಯ ಸೇವೆಗೆಂದು ಹೋಗುವವನಿಗೆ ಇದು ದಂಡವೆಂದು ತೋರಬಹುದು. ಆದರೆ ಪಟ್ಟಿಯಲ್ಲಿ ಮೊದಲೇ ಇರುವ ಪ್ರತಿಯೊಬ್ಬನಿಗೂ ತಾಯಿ ಇರುವಳಷ್ಟೆ!

ನಿಯಮಗಳ ಮಾತು ಒಣಗಿದ ಮಾತಾಗಿ ತೋರುವುದರಿಂದ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ಎಷ್ಟೋ ಹಳ್ಳಿಗಳನ್ನು ತಾಲ್ಲೂಕು ಕೇಂದ್ರದಿಂದ ಬೇರ್ಪಡಿಸಿತು. 2025ರ ಜುಲೈ ತಿಂಗಳಲ್ಲಿ ಎರಡು ಕಿಲೋಮೀಟರಿಗೂ ಉದ್ದನೆಯ ಸೇತುವೆ ಸಂಚಾರಕ್ಕೆ ತೆರೆಯುವವರೆಗೆ ಆಚೆಯ ದಡದವರಿಗೆ ಲಾಂಚೇ ಆಧಾರವಾಗಿತ್ತು. ಕತ್ತಲಾದ ಮೇಲೆ ಅದೂ ಇಲ್ಲ. ಸೇತುವೆಗೆ ಮುಂಚಿನ ಆ ಕಾಲದಲ್ಲಿ, ಹೊಳೆಯಾಚೆಯ ಒಂದು ಊರಿನ ಉಪ ಅಂಚೆಕಚೇರಿಯಲ್ಲಿ ಒಬ್ಬ ಅಂಚೆಪಾಲಕನಿದ್ದನೆಂದು ಇಟ್ಟುಕೊಳ್ಳೋಣ. ಕಚೇರಿಯಲ್ಲಿ ಗುಮಾಸ್ತನೂ ಅವನೇ, ಖಜಾಂಚಿಯೂ ಅವನೇ. ಅವನ ಸ್ವಂತ ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪುಗಳ ನಡುವೆ. ತಂದೆ ತೀರಿಕೊಂಡಿದ್ದಾರೆ. ಅಕ್ಕನನ್ನು ಗಡಿಯಾಚೆಯ ಮದನಪಲ್ಲಿಗೆ ಕೊಟ್ಟಿದೆ. ಊರಿನಲ್ಲಿರುವ ತಾಯಿಗೆ ಎಪ್ಪತ್ತು ವರ್ಷ.

ಆಗಸ್ಟ್ ತಿಂಗಳ ಒಂದು ಬೆಳಗ್ಗೆ ತಾಯಿ ಹಿತ್ತಲಿನಲ್ಲಿ ಕುಸಿದರು. ಮೆದುಳಿನ ಎಡಭಾಗಕ್ಕೆ ರಕ್ತದ ಹರಿವು ಕಡಿದು ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದವು. ಮಾತೂ ಬಹುಮಟ್ಟಿಗೆ ಹೋಯಿತು. ಮಗನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಬೀಗದ ಕೈಯನ್ನು ಯಾರಿಗೂ ಒಪ್ಪಿಸದೆ ಹೊರಡುವಂತಿಲ್ಲ. ಬದಲಿ ನೌಕರನು ಸಾಗರದಿಂದ ಬಂದು ಲೆಕ್ಕ ತೆಗೆದುಕೊಳ್ಳಬೇಕು. ಆ ಬಳಿಕ ಹೊಳೆ ದಾಟಿ ಸಾಗರ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು, ಬೆಂಗಳೂರಿನಿಂದ ಚಿಂತಾಮಣಿ ಮಾರ್ಗವಾಗಿ ಶ್ರೀನಿವಾಸಪುರ; ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಅವನು ತಾಯಿಯ ಮುಖ ಕಂಡದ್ದು ಮೂರನೆಯ ದಿನ.

ಪಾರ್ಶ್ವವಾಯು ಹೊಡೆದವರ ಶುಶ್ರೂಷೆ ಏನೆಂಬುದು ಮಾಡಿದವರಿಗೇ ಗೊತ್ತು. ರೋಗಿ ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬೆನ್ನು ಸೊಂಟಗಳಲ್ಲಿ ಹುಣ್ಣಾಗುತ್ತದೆ. ಆದುದರಿಂದ ಎರಡು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಮಗ್ಗುಲು ಬದಲಿಸಬೇಕು. ನುಂಗುವ ಶಕ್ತಿ ಕುಂದಿರುವುದರಿಂದ ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಕೂರಿಸಿಕೊಂಡು ಚಮಚೆ ಚಮಚೆಯಾಗಿ ಗಂಜಿ ಕುಡಿಸಬೇಕು. ಕೈಕಾಲಿನ ಕೀಲುಗಳು ಬಿಗಿದುಕೊಳ್ಳದಂತೆ ದಿನಕ್ಕೆ ಹಲವು ಸಲ ಮಡಿಸಿ ಬಿಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಹೋದ ಶಕ್ತಿ ಮರಳುವುದಿದ್ದರೆ ಅದರ ಹೆಚ್ಚಿನ ಪಾಲು ಮೊದಲ ಕೆಲವು ತಿಂಗಳುಗಳಲ್ಲಿಯೇ ಮರಳುತ್ತದೆ. ಆಮೇಲೆ ಚೇತರಿಕೆ ನಿಧಾನವಾಗುತ್ತದೆ. ಕಚೇರಿಯ ಕಡತಕ್ಕೆ ತಿಂಗಳೆಂಬುದು ದೊಡ್ಡ ಕಾಲವಲ್ಲ. ರೋಗಿಯ ಬಲಗೈಗೆ ಅದು ದೊಡ್ಡ ಕಾಲ.

ಕೇಂದ್ರ ಸರಕಾರದ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 20 ದಿನ ಅರ್ಧವೇತನ ರಜೆ, 8 ದಿನ ಸಾಂದರ್ಭಿಕ ರಜೆ ಉಂಟು. ತಾಯಿತಂದೆಯರ ಆರೈಕೆಗೆ ಅವನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ. ನಮ್ಮ ಅಂಚೆಪಾಲಕನೂ ಕೂಡಿಟ್ಟಿದ್ದ ರಜೆಯನ್ನು ಬಳಸಿದ. ರಜೆ ಮುಗಿಯಿತು, ಕಾಯಿಲೆ ಮುಗಿಯಲಿಲ್ಲ. ಹೆಂಡತಿಯನ್ನೂ ಮಗುವನ್ನೂ ಊರಿನಲ್ಲಿ ಬಿಟ್ಟು ಅವನೊಬ್ಬನೇ ಮರಳಿ ಹೊಳೆ ದಾಟಿದ.

ಇಂಥ ಸಂದರ್ಭದಲ್ಲಿ ಕೇಳಿಬರುವ ಮೊದಲ ಪ್ರಶ್ನೆಯೊಂದಿದೆ. ಅಧಿಕಾರಿಗಳು ಕೇಳುತ್ತಾರೆ, ನೆಂಟರೂ ಕೇಳುತ್ತಾರೆ: “ತಾಯಿಯವರನ್ನು ನೀವಿರುವಲ್ಲಿಗೇ ಕರೆದುಕೊಂಡು ಬರಬಾರದೇಕೆ?” ಪ್ರಶ್ನೆ ನ್ಯಾಯವಾದುದು, ಅದನ್ನು ಕೇಳಿದವರ ಮೇಲೆ ಸಿಟ್ಟಾಗಬೇಕಾದುದಿಲ್ಲ. ಶ್ರವಣಕುಮಾರನು ಕುರುಡರಾದ ತಾಯಿತಂದೆಗಳನ್ನು ಕಾವಡಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದನೆಂಬ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಆ ಯಾತ್ರೆ ಮುದುಕರು ತಾವಾಗಿ ಬಯಸಿದ ಯಾತ್ರೆಯಾಗಿತ್ತೆಂಬುದನ್ನು ಮರೆಯಬಾರದು. ಶ್ರೀನಿವಾಸಪುರದ ಈ ತಾಯಿ ಮಲೆನಾಡನ್ನು ಬಯಸಿದವರಲ್ಲ. ಹುಟ್ಟಿದಾರಭ್ಯ ಒಣಹವೆಯಲ್ಲಿ ಬಾಳಿದ ಜೀವ. ರಾಗಿಯ ಮುದ್ದೆಯೇ ಊಟವೆಂದು ತಿಳಿದ ಜೀವ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ, ಒದ್ದೆ ಆರದ ಮನೆಯಲ್ಲಿ ಅವರನ್ನು ಮಲಗಿಸಬೇಕು. ರಾತ್ರಿ ರೋಗ ಉಲ್ಬಣಿಸಿದರೆ ಲಾಂಚಿಲ್ಲ.

ಇದೆಲ್ಲಕ್ಕೂ ಮಿಗಿಲಾದ ಒಂದು ತೊಡಕಿತ್ತು. ಆ ಸೀಮೆಯ ಅನೇಕ ಮನೆಗಳಲ್ಲಿರುವಂತೆ ಆ ಮನೆಯಲ್ಲಿಯೂ ಕನ್ನಡ ತೆಲುಗುಗಳೆರಡೂ ಬೆರೆತಿದ್ದವು. ಕಾಯಿಲೆಯಾದ ಮೇಲೆ ತಾಯಿಯ ಬಾಯಲ್ಲಿ ಉಳಿದದ್ದು ನಾಲ್ಕಾರು ಮಾತು. ಅವೆಲ್ಲ ಎಳವೆಯಲ್ಲಿ ಕಲಿತ ತೆಲುಗು ಮಾತುಗಳು. ‘ನೀಳ್ಳು’ ಎಂದರೆ ನೀರೆಂದು ನೆರೆಮನೆಯ ಹೆಂಗಸಿಗೆ ತಿಳಿಯುತ್ತದೆ, ಬೀದಿಯ ಮಗುವಿಗೂ ತಿಳಿಯುತ್ತದೆ. ಶರಾವತಿಯಾಚೆ ಯಾರಿಗೆ ತಿಳಿಯಬೇಕು? ಮಗನು ಕಚೇರಿಯಲ್ಲಿ ಕುಳಿತಿರುವ ಹಗಲೆಲ್ಲ ಆ ಮುದುಕಿ ನೀರು ಕೇಳಿ ನೀರು ಸಿಗದೆ ಮಲಗಿರಬೇಕಾಗುತ್ತಿತ್ತು. ಊರೆಂಬುದು ಮಣ್ಣು ಗೋಡೆಗಳಷ್ಟೇ ಅಲ್ಲ. ಅರ್ಧ ಮಾತಿಗೆ ಪೂರ್ತಿ ಅರ್ಥ ಮಾಡಿಕೊಳ್ಳುವ ಜನ. ಆರೋಗ್ಯವಂತರು ಅದನ್ನು ಬಿಟ್ಟು ಬದುಕಬಲ್ಲರು.

ಅವನು ಬರೆದ ಮೊದಲ ಅರ್ಜಿ ಎರಡು ಹಾಳೆ ತುಂಬಿತ್ತು. ‘ದಯಾಸಾಗರರಾದ ತಾವು’, ‘ಕಣ್ಣೀರಿನಲ್ಲಿ ಕೈತೊಳೆಯುತ್ತಿರುವ ನನ್ನ ಕುಟುಂಬ’, ‘ತಾಯಿಯ ಏಕೈಕ ಆಸರೆಯಾದ ನಾನು’ ಮುಂತಾದ ಮಾತುಗಳೇ ಅದರಲ್ಲಿ ಹೆಚ್ಚಾಗಿದ್ದವು. ಇಂಥ ಅರ್ಜಿಗಳನ್ನು ದಿನವೂ ಓದುವ ಅಧಿಕಾರಿಗೆ ಕಣ್ಣೀರೆಂಬ ಶಬ್ದ ಕಂಡರೆ ಕಣ್ಣೀರು ಕಾಣುವುದಿಲ್ಲ. ಅದಕ್ಕೆ ಕಾರಣ ಅವನ ಕಲ್ಲೆದೆಯಲ್ಲ. ಇಲ್ಲದ ಕಾಯಿಲೆಗೆ ವೈದ್ಯರ ಪ್ರಮಾಣಪತ್ರ ತಂದವರನ್ನು ಅವನು ಕಂಡಿದ್ದಾನೆ. ನಗರದ ವಾಸ ಬೇಕೆಂದು ಗಟ್ಟಿಮುಟ್ಟಾದ ತಂದೆಯನ್ನು ಹಾಸಿಗೆ ಹಿಡಿಸಿದವರನ್ನೂ ಕಂಡಿದ್ದಾನೆ. ಸುಳ್ಳು ಅರ್ಜಿ ಬರೆದವನು ಸರಕಾರವನ್ನು ವಂಚಿಸಿದೆನೆಂದು ತಿಳಿದಿರಬಹುದು. ನಿಜವಾಗಿ ಅವನು ವಂಚಿಸುವುದು ತನ್ನ ಹಿಂದೆ ಸಾಲಿನಲ್ಲಿ ನಿಂತಿರುವ, ನಿಜವಾಗಿ ತಾಯಿ ಹಾಸಿಗೆ ಹಿಡಿದಿರುವ ಇನ್ನೊಬ್ಬ ನೌಕರನನ್ನು. ಆ ಇನ್ನೊಬ್ಬನ ಮಾತನ್ನು ನಂಬುವವರಿಲ್ಲದಂತೆ ಮಾಡುವವನು ಇವನೇ.

‘ಏಕೈಕ ಆಸರೆ’ ಎಂದು ಬರೆದ ಮೇಲೆ ಅಂಚೆಪಾಲಕನಿಗೆ ಅಕ್ಕನ ನೆನಪಾಯಿತು. ಆಕೆಯ ಹೆಸರನ್ನು ಬಿಟ್ಟರೆ ಕೋರಿಕೆಗೆ ಬಲ ಬರುವುದೆಂದು ಸ್ನೇಹಿತರು ಹೇಳಿದ್ದರು. ಇದ್ದ ಅಕ್ಕನನ್ನು ಇಲ್ಲವೆನ್ನುವುದೆಂತು? ಬರೆದುದನ್ನು ಹರಿದುಹಾಕಿ ಇನ್ನೊಂದನ್ನು ಬರೆದ. ಮೇಲಧಿಕಾರಿಗಳ ಮೂಲಕ ಕಳುಹಿಸಿದ ಆ ಎರಡನೆಯ ಅರ್ಜಿಯ ಒಡಲು ಹೀಗಿತ್ತು:

“ನನ್ನ ತಾಯಿಯವರಿಗೆ ಎಪ್ಪತ್ತು ವರ್ಷ. ಕಳೆದ ಆಗಸ್ಟ್ ತಿಂಗಳಲ್ಲಿ ಅವರಿಗೆ ಪಾರ್ಶ್ವವಾಯುವಾಗಿ ಬಲಗೈ ಬಲಗಾಲುಗಳು ಸ್ವಾಧೀನದಲ್ಲಿಲ್ಲ. ಮಾತು ಬಹುಮಟ್ಟಿಗೆ ನಿಂತಿದೆ. ಆಸ್ಪತ್ರೆಯವರು ಕೊಟ್ಟ ವರದಿಯನ್ನು ಲಗತ್ತಿಸಿದ್ದೇನೆ. ನನಗೆ ಒಬ್ಬ ಅಕ್ಕ ಇದ್ದಾರೆ. ಅವರು ಮದನಪಲ್ಲಿಯಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಅವರ ಅತ್ತೆಯವರೂ ವೃದ್ಧರಾದ್ದರಿಂದ ನಿಲ್ಲಲಾರರು. ಸದ್ಯ ನನ್ನ ಪತ್ನಿಯೇ ತಾಯಿಯವರನ್ನು ನೋಡಿಕೊಳ್ಳುತ್ತಿದ್ದಾರೆ. ರೋಗಿಯನ್ನು ಎತ್ತಿ ಕೂರಿಸುವುದು ಒಬ್ಬರಿಂದ ಆಗುತ್ತಿಲ್ಲ. ತಾಯಿಯವರನ್ನು ಇಲ್ಲಿಗೆ ಕರೆತರುವುದು ಸಾಧ್ಯವಿಲ್ಲದಿರಲು ಕಾರಣಗಳನ್ನು ಪ್ರತ್ಯೇಕವಾಗಿ ಬರೆದಿದ್ದೇನೆ. ಕೋಲಾರ ವಿಭಾಗದ ಯಾವ ಕಚೇರಿಗೆ ಕಳುಹಿಸಿದರೂ ಹೋಗಲು ಸಿದ್ಧನಿದ್ದೇನೆ. ಜ್ಯೇಷ್ಠತೆಯಲ್ಲಿ ಕೊನೆಯ ಸ್ಥಾನವನ್ನು ಒಪ್ಪಿದ್ದೇನೆ. ಈ ಕಚೇರಿಯಲ್ಲಿ ಒಬ್ಬನೇ ನೌಕರನಿರುವುದರಿಂದ ನನ್ನ ಸ್ಥಾನಕ್ಕೆ ಬೇರೆಯವರು ಬರುವವರೆಗೆ ಕಾಯುತ್ತೇನೆ. ಆದರೆ ಮೊದಲ ತಿಂಗಳುಗಳ ಆರೈಕೆಯೇ ಮುಖ್ಯವೆಂದು ವೈದ್ಯರು ತಿಳಿಸಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.”

ಈ ಬರಹದಲ್ಲಿ ವಿಶೇಷಣಗಳು ಬಹಳ ಕಡಿಮೆ. ಅಧಿಕಾರಿಯು ಕೇಳಬಹುದಾದ ಪ್ರಶ್ನೆಗಳಿಗೆ ಅವನು ಕೇಳುವ ಮುನ್ನವೇ ಉತ್ತರವಿದೆ. ಕೋರುವವನಿಗೆ ಪ್ರತಿಕೂಲವಾಗಬಹುದಾದ ಸಂಗತಿಯನ್ನೂ ಅದು ಮುಚ್ಚಿಟ್ಟಿಲ್ಲ. ಇನ್ನೊಂದು ವಾಕ್ಯವನ್ನೂ ಇಲ್ಲಿ ಗಮನಿಸಬೇಕು: ‘ಸದ್ಯ ನನ್ನ ಪತ್ನಿಯೇ ನೋಡಿಕೊಳ್ಳುತ್ತಿದ್ದಾರೆ’ ಎಂಬುದು. ತಾಯಿಯ ಸೇವೆಗೆಂದು ವರ್ಗಾವಣೆ ಕೇಳುವ ಗಂಡುಮಕ್ಕಳ ಅರ್ಜಿಗಳಲ್ಲಿ ‘ನಾನು’ ಎಂಬ ಕರ್ತೃಪದ ಧಾರಾಳವಾಗಿ ಕಾಣುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವ ಕೈ, ಒದ್ದೆಯಾದ ಹಾಸಿಗೆಯ ಬಟ್ಟೆ ಒಗೆಯುವ ಕೈ ಹೆಚ್ಚಿನ ಮನೆಗಳಲ್ಲಿ ಸೊಸೆಯದು ಅಥವಾ ಮಗಳದು. ಮಗನು ಊರಿಗೆ ಬಂದು, ಬೆಳಗ್ಗೆ ಕಚೇರಿಗೆ ಹೋಗಿ, ಸಂಜೆ ಪತ್ರಿಕೆ ಓದುತ್ತ ಕುಳಿತರೆ ಆ ವರ್ಗಾವಣೆಯಿಂದ ತಾಯಿಗೆ ಆದ ಲಾಭವೇನು? ವ್ಯಾಕರಣದ ತಪ್ಪನ್ನು ತಿದ್ದುವುದು ಸುಲಭ. ಈ ಕರ್ತೃಪದವನ್ನು ತಿದ್ದುವುದು ಕಷ್ಟ. ಇವನೇನೋ ರಜೆಯ ದಿನಗಳಲ್ಲಿ ತಾಯಿಯನ್ನು ಎತ್ತಿ ಕೂರಿಸಲು ಕಲಿತಿದ್ದ. ಒಬ್ಬರಿಂದ ಆಗದೆಂಬ ಮಾತನ್ನು ಅವನ ತೋಳೇ ಅವನಿಗೆ ತಿಳಿಸಿತ್ತು.

ಹೊಳೆಯಾಚೆಯ ಊರಿನವರಿಗೆ ಈ ಅರ್ಜಿಯ ಸುದ್ದಿ ತಿಳಿಯಿತು. ಆ ಊರಿನಲ್ಲಿಯೂ ವೃದ್ಧರಿದ್ದರು. ಮಕ್ಕಳು ಬೆಂಗಳೂರು, ಮುಂಬಯಿಗಳಲ್ಲಿ ದುಡಿಯುತ್ತಿದ್ದ ಮನೆಗಳು ಎಷ್ಟೋ. ಆ ಮಕ್ಕಳು ಕಳುಹಿಸುವ ಹಣವೂ, 2007ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನವೂ ಅವರಲ್ಲಿ ಅನೇಕರಿಗೆ ಅಂಚೆಯ ಮೂಲಕವೇ ಬರುತ್ತಿತ್ತು. ಕಚೇರಿಯಲ್ಲಿ ಇರುವವನೊಬ್ಬನು ಹೊರಟುಹೋಗಿ, ಬದಲಿಗೆ ಯಾರೂ ಬಾರದಿದ್ದರೆ? ಮಳೆಗಾಲದಲ್ಲಿ ಅಲ್ಲಿಗೆ ಸ್ವಇಚ್ಛೆಯಿಂದ ಬರುವವರು ಯಾರು? ತನ್ನ ತಾಯಿಗಾಗಿ ಹೊರಡುವ ಮಗನು ಇಪ್ಪತ್ತು ಮಂದಿ ತಾಯಂದಿರ ಮಾಸಾಶನವನ್ನು ತಡೆದಂತಾಗುತ್ತಿತ್ತು. ಇತರರ ಹಕ್ಕಿಗೆ ಹಾನಿಯಾಗಬಾರದು ಎಂದು ನಿಯಮ ಬರೆದವರು ಪ್ರಾಯಶಃ ನೌಕರರ ಜ್ಯೇಷ್ಠತಾ ಪಟ್ಟಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಆ ‘ಇತರರು’ ಎಂಬ ಮಾತಿನೊಳಗೆ ಈ ಮುದುಕಿಯರೂ ಸೇರಬೇಡವೆ? ಬದಲಿ ಬರುವವರೆಗೆ ಕಾಯುತ್ತೇನೆಂಬ ವಾಕ್ಯವನ್ನು ಅಂಚೆಪಾಲಕನು ಸೌಜನ್ಯಕ್ಕಾಗಿ ಬರೆದಿರಲಿಲ್ಲ. ಅದನ್ನು ಬರೆಯುವಾಗ ಅವನಿಗೆ ಆಗಿರಬಹುದಾದ ಸಂಕಟವನ್ನು ಊಹಿಸುವುದು ಕಷ್ಟವಲ್ಲ.

ಪಂಢರಾಪುರದ ಪುಂಡಲೀಕನ ಕಥೆಯಲ್ಲಿ ತಾಯಿತಂದೆಯರ ಸೇವೆಯಲ್ಲಿದ್ದ ಮಗನು ಬಾಗಿಲಿಗೆ ಬಂದ ದೇವರಿಗೆ ಒಂದು ಇಟ್ಟಿಗೆಯನ್ನು ಎಸೆದು ಅದರ ಮೇಲೆ ನಿಂತು ಕಾಯುವಂತೆ ಹೇಳುತ್ತಾನೆ. ದೇವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾನೆ. ಕಾಯಿಸುವುದಕ್ಕೆ ದೇವರಾದರೆ ಚಿಂತೆಯಿಲ್ಲ. ಹೊಳೆಯಾಚೆಯ ಅಂಚೆಕಚೇರಿಯ ಕಟ್ಟೆಯ ಮೇಲೆ ಕಾಯುತ್ತ 
ಕೂತವರು ಬಡವರು.

ಒಂದು ತಿಂಗಳಾದ ಮೇಲೆ ಉತ್ತರ ಬಂತು: ‘ಸ್ಥಾನ ತೆರವಾದಾಗ ಕೋರಿಕೆಯನ್ನು ಪರಿಶೀಲಿಸಲಾಗುವುದು.’ ಕಚೇರಿಯ ಭಾಷೆಗೆ ಕರ್ಮಣಿ ಪ್ರಯೋಗದ ಮೇಲೆ ವಿಶೇಷ ಪ್ರೀತಿ. ಪರಿಶೀಲಿಸುವವರು ಯಾರು, ಯಾವಾಗ ಎಂಬುದು ಆ ವಾಕ್ಯದಲ್ಲಿ ಇರಬೇಕಾದ ಅಗತ್ಯವಿಲ್ಲ. ಆದರೂ ಅದು ನಿರಾಕರಣೆಯಾಗಿರಲಿಲ್ಲ. ಈಚಿನ ವರ್ಷಗಳಲ್ಲಿ ಈ ಕೋರಿಕೆಗಳನ್ನು ಗಣಕಯಂತ್ರದ ಮೂಲಕ ಸಲ್ಲಿಸುವ ಏರ್ಪಾಡು ಬಂದಿದೆ. ಆಗ ಅದಿರಲಿಲ್ಲವಾಗಿ ಕಡತವು ಕೈಯಿಂದ ಕೈಗೆ ಸಾಗಬೇಕಾಗಿತ್ತು.

38ನೆಯ ನಿಯಮದಲ್ಲಿ ಇನ್ನೊಂದು ಬಾಗಿಲೂ ಇದೆ. ಎರಡು ವಿಭಾಗಗಳ ಇಬ್ಬರು ನೌಕರರು ಪರಸ್ಪರ ಸ್ಥಾನ ಬದಲಿಸಿಕೊಳ್ಳುವುದಾದರೆ ಅದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆಗ ಯಾವ ಕಚೇರಿಯೂ ಬರಿದಾಗುವುದಿಲ್ಲ. ಹೊಸ ಪಟ್ಟಿಯಲ್ಲಿ ಅವರಿಗೆ ದೊರೆಯುವ ಸ್ಥಾನ ಕಟ್ಟಕಡೆಯದಲ್ಲ. ಮೊದಲಿಗೇ ಅಲ್ಲಿ ನೇಮಕವಾಗಿದ್ದರೆ ದೊರೆಯುತ್ತಿದ್ದ ಸ್ಥಾನ, ಬಿಟ್ಟುಹೋದವನ ಸ್ಥಾನ, ಇವೆರಡರಲ್ಲಿ ಯಾವುದು ಕೆಳಗಿನದೋ ಅದು. ಅಂಚೆಪಾಲಕನು ಗುರುತಿದ್ದವರಿಗೆಲ್ಲ ಕಾಗದ ಬರೆದ. ಕೋಲಾರ ವಿಭಾಗದಲ್ಲಿ ಸಾಗರದ ಕಡೆಯ ಒಬ್ಬ ನೌಕರನಿರುವುದು ನಾಲ್ಕನೆಯ ತಿಂಗಳಲ್ಲಿ ತಿಳಿಯಿತು. ಆತನ ತಂದೆ ಅಡಕೆ ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರ ಅರ್ಜಿಗಳೂ ಒಂದೇ ಲಕೋಟೆಯಲ್ಲಿ ಬೆಂಗಳೂರಿಗೆ ಹೋದುವು; ಅಲ್ಲಿಂದ ಆದೇಶವಾಗಿ ಬರಲು ಮತ್ತೆ ಮೂರು ತಿಂಗಳು ಹಿಡಿಯಿತು.

ಸಾಗರದ ಕಡೆಯವನು ಒಂದು ಬೆಳಗ್ಗೆ ಲಾಂಚಿನಿಂದಿಳಿದು ಬಂದ. ಇಬ್ಬರೂ ಕುಳಿತು ನಗದು ಶಿಲ್ಕನ್ನು ಎಣಿಸಿದರು, ಅಂಚೆಚೀಟಿಗಳನ್ನು ಎಣಿಸಿದರು, ತಾರೀಖಿನ ಮುದ್ರೆ, ತಕ್ಕಡಿ, ತಿಜೋರಿಯ ಕೀಲಿಕೈ ಎಲ್ಲವನ್ನೂ ಪಟ್ಟಿಯೊಡನೆ ತಾಳೆ ನೋಡಿದರು. ಹೆಬ್ಬೆರಳಿನ ಗುರುತು ಹಾಕುವವರಲ್ಲಿ ಯಾರಿಗೆ ಕಣ್ಣು ಕಾಣದು, ಯಾರಿಗೆ ಕಿವಿ ಕೇಳದು, ಯಾರ ಜೊತೆಯಲ್ಲಿ ಬರುವ ಮೊಮ್ಮಗನ ಕೈಗೆ ಹಣ ಕೊಡಬಾರದು ಎಂಬುದನ್ನು ಹೊರಡುವವನು ಬಂದವನಿಗೆ ಬಾಯಿಮಾತಿನಲ್ಲಿ ಹೇಳಿದ. ಬಂದವನು ಒಂದು ಹಾಳೆಯಲ್ಲಿ ಅದನ್ನು ಗುರುತು ಹಾಕಿಕೊಂಡ. ಅಧಿಕಾರ ಹಸ್ತಾಂತರದ ವರದಿಗೆ ಇಬ್ಬರೂ ಸಹಿ ಮಾಡಿದರು.

ದೊರೆತದ್ದು ಶ್ರೀನಿವಾಸಪುರವಲ್ಲ. ಮುಳಬಾಗಿಲಿನ ಕಡೆಯ ಒಂದು ಕಚೇರಿ. ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಪಟ್ಟಿಯಲ್ಲಿ ಅವನಿಗಿಂತ ಮೇಲೆ ಅವನಿಗಿಂತ ಎಳೆಯರಾದ ಆರು ಮಂದಿ ಇದ್ದರು. ಪ್ರಯಾಣಭತ್ಯೆ ಇರಲಿಲ್ಲ, ಸೇರುವ ನಡುವಿನ ಎರಡು ದಿನಗಳನ್ನು ಉಳಿದಿದ್ದ ರಜೆಯಲ್ಲಿ ಕಳೆಯಲಾಯಿತು. ತಾಯಿ ಅಷ್ಟು ಹೊತ್ತಿಗೆ ಗೋಡೆಗೆ ಒರಗಿ ಕೂರುವಷ್ಟು ಚೇತರಿಸಿಕೊಂಡಿದ್ದರು. ಕಾಲು ಅಲ್ಪಸ್ವಲ್ಪ ಮರಳಿತ್ತು. ಬಲಗೈ ಮರಳಿರಲಿಲ್ಲ, ಇನ್ನು ಮರಳುವ ಭರವಸೆ ಕಡಿಮೆಯೆಂದು ವೈದ್ಯರು ಹೇಳಿದರು. ಬೆಳಗ್ಗೆ ಆರಕ್ಕೆ ತಾಯಿಯನ್ನು ಎತ್ತಿ ಕೂರಿಸಿ, ಮುಖ ತೊಳೆಸಿ, ಗಂಜಿ ಕುಡಿಸಿ ಮಗನು ಎಂಟು ಗಂಟೆಯ ಬಸ್ಸು ಹಿಡಿಯುತ್ತಿದ್ದ. ರಾತ್ರಿಯ ಮೊದಲ ಪಾಳಿ ಹೆಂಡತಿಯದು, ಎರಡನೆಯ ಪಾಳಿ ಅವನದು.